ಹುಚ್ಚಿಗೂ ಒಂದು ಪದ್ಧತಿ ಐತಿ

ಹಿಪ್ಪರಗಿಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತು ಅಂತ ಕಾರ್ಖಾನೆಯವರು ಹೇಳಬೇಕಾಗಿಲ್ಲ, ಕಾಕಾನ ಬೈಗುಳ ಕೇಳಿದರೆ ಸಾಕು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಚಾದಂಗಡಿ ಮುಂದೆ ಹಾಯುತ್ತದೆ. ಡ್ರೈವರನ ಹಿಂದೆ ಆಳೆತ್ತರದ ಸೌಂಡ್ ಬಾಕ್ಸು. ಹಾಡಿನ ಹೊಡೆತಕ್ಕೆ ಬಸಿಯೊಳಗಿನ ಚಾ ಥರಗುಟ್ಟುತ್ತದೆ. ಕಾಕಾ ಬಸಿ ಕೆಳಗಿಟ್ಟು, ಟೋಪಿ ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ.

“ಹಚ್ಚಲೇ, ಇನ್ನಾ ಜೋರ ಹಚ್ಚು! ಹೊಳಿ ದಾಟಿ ಅಥಣಿಗಿ ಕೇಳಲಿ!”

ಡ್ರೈವರ್ ಹುಡುಗ ಇದನ್ನು ಮೆಚ್ಚುಗೆ ಅಂತ ತಿಳಿದು ಇನ್ನಷ್ಟು ಜೋರು ಮಾಡುತ್ತಾನೆ.

ಈ ಕಾಕಾ ಹಿಪ್ಪರಗಿಗೊಬ್ಬರೇ ಅಲ್ಲ. ಜಮಖಂಡಿಯಲ್ಲಿ ನಿವೃತ್ತ ಮಾಸ್ತರರಾಗಿ, ಮುಧೋಳದಲ್ಲಿ ಅಡತಿ ಅಂಗಡಿಯ ಗಾದಿ ಮೇಲೆ ಒರಗಿಕೊಂಡು ಸಿಗುತ್ತಾರೆ. ಬನಹಟ್ಟಿಯಲ್ಲಂತೂ ನಾಲ್ಕು ಪವರ್‌ಲೂಮ್ ಖಟಖಟ ಬಡಿಯುವ ನಡುವೆ ಕೂತು, ಮೊಮ್ಮಗನ ಮೊಬೈಲ್ ಕಡೆ ಕೈ ಮಾಡಿ “ಏನ ಗದ್ದಲಪಾ ಇದು” ಎನ್ನುತ್ತಾರೆ. ವಯಸ್ಸು ಎಪ್ಪತ್ತರ ಆಚೆ, ಹೆಗಲ ಮೇಲೊಂದು ಟವೆಲ್, ಬಾಯಲ್ಲಿ ಎಲಿಅಡಕಿ. ಈಗಿನ ಹುಡುಗರು ಹಾಡುಗಾರರ ಬೆನ್ನು ಹತ್ತಿ ಕೆಟ್ಟರು ಎಂಬುದು ಅವರ ಕಾಯಂ ತಕರಾರು.

ಟ್ರ್ಯಾಕ್ಟರಿನಲ್ಲಿ ಹಾಡುತ್ತಿರುವುದು ಮಾಳು ನಿಪನಾಳ. ಪಕ್ಕದ ರಾಯಬಾಗ ತಾಲೂಕಿನ ಹುಡುಗ. ‘ನಾ ಡ್ರೈವರ’ ಹಾಡಿನಿಂದ ಯೂಟ್ಯೂಬಿನಲ್ಲಿ ಹೆಸರು ಮಾಡಿ 2025ರಲ್ಲಿ ಬಿಗ್ ಬಾಸ್ ಮನೆಗೂ ಹೋಗಿ ಬಂದರು. ಈ ಹಾಡು ಕಾಕಾಗೆ ಅಕ್ಷರಕ್ಕೆ ಅಕ್ಷರ ಬಾಯಿಪಾಠ. ಯಾಕೆಂದು ಕೇಳಿದರೆ, “ಬೈಬೇಕಂದ್ರ ಪೂರ್ತಿ ಕೇಳಬೇಕಲ್ಲಪಾ” ಎನ್ನುತ್ತಾರೆ. ನ್ಯಾಯವಾದ ಮಾತು. ನಮ್ಮ ಎಷ್ಟೋ ವಿಮರ್ಶಕರಲ್ಲಿ ಈ ಶಿಸ್ತು ಇಲ್ಲ.

ಹತ್ತಿರ ಕೂತು ಕೇಳಿದರೆ ಒಂದು ಸಂಗತಿ ತಿಳಿಯುತ್ತದೆ. ಹುಡುಗರಿಗೆ ಹುಚ್ಚು ಹಿಡಿದಿದೆ ಅಂತ ಕಾಕಾಗೆ ಸಿಟ್ಟಿಲ್ಲ. ಹಿಡಿದ ಹುಚ್ಚು ತೀರಾ ಕಳಪೆ ಅಂತ ಸಿಟ್ಟು.

“ಕುಂತಲ್ಲೇ ಒತ್ತಿದ್ರ ಹಾಡು, ಬಿಟ್ರ ಬಂದ್. ಇದೂ ಒಂದ ಹುಚ್ಚೇನಲೇ? ಹುಚ್ಚಿಗೂ ಒಂದು ಪದ್ಧತಿ ಐತಿ!”

ಪದ್ಧತಿ ಅಂದರೆ ಏಣಗಿ ಬಾಳಪ್ಪನವರ ಕಂಪನಿ ನಾಟಕ. ಅವರ ಕಲಾವೈಭವ ನಾಟ್ಯ ಸಂಘದ ಕ್ಯಾಂಪು ಎಲ್ಲಿ ಬಿದ್ದರೂ ಕಾಕಾನ ಗುಂಪು ಚಕ್ಕಡಿ ಕಟ್ಟುತ್ತಿತ್ತು. ಟಿಕೀಟಿಗೆ ರೊಕ್ಕ ಇಲ್ಲವೆಂದರೆ ಹಗೇವಿನ ಜೋಳ ರಾತ್ರೋರಾತ್ರಿ ಅಂಗಡಿ ಸೇರುತ್ತಿತ್ತು. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಾಳಪ್ಪನವರು ಬಸವಣ್ಣನಾಗಿ ಬಂದು ನಿಂತರೆ ಕಾಕಾ ನೆಲದ ಮೇಲೆ ಕೂತಲ್ಲಿಂದಲೇ ಅಡ್ಡಬೀಳುತ್ತಿದ್ದರು. ಬೆಳಗಾಗುವ ಹೊತ್ತಿಗೆ ಮನೆಗೆ ಬಂದರೆ ಬಾಗಿಲಲ್ಲಿ ಅಪ್ಪ, ಅಪ್ಪನ ಕೈಯಲ್ಲಿ ಕೆರ. ಮರುದಿನ ರಾತ್ರಿ ಮತ್ತೆ ಅದೇ ನಾಟಕ. “ಒನ್ಸ್ ಮೋರ್ ಅಂದು ಸತ್ತ ಪಾತ್ರಾ ಎಬ್ಬಿಸಿ ಹಾಡ್ಸೇವಿ ನಾವು. ನಿಮ್ಮ ಮೊಬೈಲಿನ್ಯಾಗ ಸತ್ತಾಂವ ಏಳತಾನೇನು?” 1914ರಲ್ಲಿ ಹುಟ್ಟಿದ ಬಾಳಪ್ಪನವರು 2017ರಲ್ಲಿ ತೀರಿಕೊಂಡಾಗ ಕಾಕಾ ಎರಡು ದಿನ ಚಾದಂಗಡಿಗೇ ಬರಲಿಲ್ಲ. ಊರಿನವರು ಯಾರೋ ಹತ್ತಿರದ ಸಂಬಂಧಿಕರು ಹೋದರೆಂದೇ ತಿಳಿದರು.

ಆ ಕೆರ ಹಿಡಿದ ಅಪ್ಪ ಕಡಿಮೆ ಏನಲ್ಲ. ಅವರಿಗೆ ಬಾಲಗಂಧರ್ವರ ಹುಚ್ಚು. ಬಾಲಗಂಧರ್ವರು ಅಂದರೆ ಹೆಣ್ಣು ಪಾತ್ರಕ್ಕೆ ಹೆಸರಾದ ಮರಾಠಿ ರಂಗನಟ ನಾರಾಯಣರಾವ್ ರಾಜಹಂಸ. ಅವರು ರಂಗದ ಮೇಲೆ ಸೀರೆ ಉಟ್ಟ ಚಂದ ನೋಡಿ ಮನೆತನಸ್ಥ ಹೆಣ್ಣುಮಕ್ಕಳು ಹಾಗೇ ಉಡಲು ಕಲಿತ ಕಾಲ ಅದು. “ಇವೇನ ನಾಟಕಾ? ಹೆಣ್ಣು ಪಾರ್ಟಿಗಿ ಹೆಣ್ಣ ಬರತಾವಂತ, ಅದರಾಗ ಏನ ಹೆಚ್ಚಗಾರಿಕಿ?” ಅಂತ ಅಪ್ಪ ಮಗನ ಅಭಿರುಚಿಗೆ ಉಗಿಯುತ್ತಿದ್ದರಂತೆ.

ಈ ಹುಚ್ಚಿನ ವಿಷಯದಲ್ಲಿ ನಮ್ಮ ಬೀಳಗಿಯನ್ನು ಮೀರಿಸಿದ ಊರಿಲ್ಲ. ಅಲ್ಲಿನ ಅಕ್ಕತಂಗಿ ಗೋಹರಬಾಯಿ, ಅಮೀರ್‌ಬಾಯಿ. ತಂಗಿ ಮುಂಬಯಿಗೆ ಹೋಗಿ ಸಿನೆಮಾದಲ್ಲಿ ಹಾಡಿದಳು. ಅವಳು ಹಾಡಿದ 1943ರ ‘ಕಿಸ್ಮತ್’ ಕಲಕತ್ತಾದ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅಕ್ಕ ಗೋಹರಬಾಯಿ ಬಾಲಗಂಧರ್ವರ ಧಾಟಿಯನ್ನು ಹಾಗೇ ಗಂಟಲಿಗಿಳಿಸಿಕೊಂಡು, ಅವರ ಕಂಪನಿಯನ್ನೇ ಸೇರಿ, ಕಡೆಗೆ ಅವರನ್ನೇ ಮದುವೆಯಾದಳು. ಮರಾಠಿ ಅಭಿಮಾನಿಗಳು ಆಕೆಯ ಮೇಲೆ ಕೆಂಡ ಕಾರಿದರು.

ಈ ಕತೆಯನ್ನು ಕಾಕಾ ಮೊಮ್ಮಗಳಿಗೆ ಹೇಳಿದ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತ. ಜಮಖಂಡಿಯಲ್ಲಿ ಪಿಯುಸಿ ಓದುವ ಮೊಮ್ಮಗಳು, ಪಡಸಾಲಿಯ ಸಿದ್ಧೇಶ್ವರ ಸ್ವಾಮಿಗಳ ಕ್ಯಾಲೆಂಡರಿನ ಮಗ್ಗುಲಿಗೆ ಕೊರಿಯಾದ ಬಿಟಿಎಸ್ ಹುಡುಗರ ಫೋಟೊ ಅಂಟಿಸಿದ್ದಳು.

“ಏಳ ಮಂದ್ಯಾಗ ಪೇಟಿ ಮಾಸ್ತರ ಯಾವಾಂವ?”

“ಪೇಟಿ ಇಲ್ಲ ಮುತ್ಯಾ, ಬರೇ ಹಾಡತಾರು, ಕುಣಿತಾರು.”

“ಪೇಟಿ ಇಲ್ಲದ ಕಂಪನಿ! ಇವರ ಸಲುವಾಗಿ ಅಳತಿ ಅಂತಲ್ಲ? ಹುಚ್ಚಂದ್ರ ಬೀಳಗಿ ಗೋಹರಬಾಯಿದವಾ! ಕೇಳಿಕೇಳಿ ಕಲ್ತು, ಹೋಗಿ ಕಂಪನಿ ಸೇರಿ, ಲಗ್ನಾನೂ ಮಾಡಿಕೊಂಡಳು. ನಿನ್ನ ಕೈಲೆ ಆಗತೈತೇನು?”

ಅಡುಗೆಮನೆಯಿಂದ ಆಯಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಹುಡುಗಿಗಿ ಏನ ಕಲಸಾಕತ್ತೀರಿ? ನಿಮಗ ಬುದ್ಧಿ ಐತಿ ಇಲ್ಲ?”

ಮೊಮ್ಮಗಳೂ ಬಿಡಲಿಲ್ಲ. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಹೋದಾಗ ಹುಡುಗಿಯರು ಎಷ್ಟು ಚೀರಿದರು, ಹಾಡುವವರಿಗೆ ತಮ್ಮ ಹಾಡು ತಮಗೇ ಹೇಗೆ ಕೇಳಿಸುತ್ತಿರಲಿಲ್ಲ, 1966ಕ್ಕೆ ಅವರು ಊರೂರು ತಿರುಗಿ ಹಾಡುವುದನ್ನೇ ಹೇಗೆ ಬಿಟ್ಟರು, ಎಲ್ಲ ಹೇಳಿದಳು. ಕಾಕಾ ಸ್ವಲ್ಪ ಹೊತ್ತು ವಿಚಾರ ಮಾಡಿದರು. “ಹಾಡೇ ಕೇಳದಂಗ ಚೀರಿದ್ರ ಒನ್ಸ್ ಮೋರ್ ಯಾವುದಕ್ಕ ಅನ್ನೂದು? ದಡ್ಡರು.”

ಆದರೆ ಆ ಏಳು ಹುಡುಗರು ಹಾಡು ಬಿಟ್ಟು ತಮ್ಮ ದೇಶದ ಕಡ್ಡಾಯ ಸೇವೆಗೆ ಹೋದರೆಂದೂ, 2022ರ ಡಿಸೆಂಬರಿನಲ್ಲಿ ಮೊದಲನೆಯವನು ಹೋಗಿ, 2025ರ ಜೂನ್ ಹೊತ್ತಿಗೆ ಎಲ್ಲರೂ ಮುಗಿಸಿದರೆಂದೂ ತಿಳಿದಾಗ ಕಾಕಾನ ಮುಖ ಬದಲಾಯಿತು. “ಮಿಲಿಟ್ರಿಗಿ ಹೋಗಿದ್ರ? ಮೊದಲ ಹೇಳೂದಲ್ಲಾ? ನಮ್ಮ ಮುಧೋಳ ನಾಯಿನೂ ಮಿಲಿಟ್ರಿ ಸೇರ್ಯಾವ.” ಕಾಕಾನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಫೋಟೊ ಉಳಿಯಿತು.

ಒಂದು ವಿಷಯದಲ್ಲಿ ನಾನು ಕಾಕಾನ ಪಕ್ಷ: ಆ ಸೌಂಡ್ ಬಾಕ್ಸು ಅಷ್ಟು ಜೋರು ಬೇಕಾಗಿಲ್ಲ. ಮಲಗಿದ ಕೂಸು ಬೆಚ್ಚಿ ಏಳುತ್ತದೆ. ಆದರೆ ‘ಕೆಲಸಗೇಡಿಗಳು’ ಎಂದು ಅವರು ಬೈಯುವುದು ಸುಳ್ಳು. ಕಾರ್ಖಾನೆ ಮುಂದೆ ಪಾಳಿ ಹಚ್ಚಿ, ಟ್ರ್ಯಾಕ್ಟರಿನಲ್ಲೇ ರಾತ್ರಿ ಕಳೆಯುವ ಹುಡುಗನಿಗೆ ನಿದ್ದೆ ಬಾರದಂತೆ ಕಾಯುವುದು ಅದೇ ಹಾಡು. ಕಾಕಾಗೆ ಇದನ್ನು ಹೇಳಿದೆ. “ಹಂಗಾರ ಹಾಡ್ಲಿ, ತಾಳಕ್ಕರೆ ಹಾಡ್ಲಿ” ಅಂದರು.

ಮೊನ್ನೆ ಜಾತ್ರೆಯ ರಸಮಂಜರಿಗೆ ಹುಡುಗರು ಪಟ್ಟಿ ಕೇಳಲು ಬಂದರು. ಕಾಕಾ ಅರ್ಧ ತಾಸು ಬೈದು, ಎಲ್ಲರಿಗಿಂತ ಹೆಚ್ಚು ರೊಕ್ಕ ಬರೆಸಿ, ಎರಡು ಕರಾರು ಹಾಕಿದರು: ನಡುವೆ ಒಂದು ರಂಗಗೀತೆ ಆಗಬೇಕು, ಸ್ಟೇಜಿನ ಮೇಲೆ ಪೇಟಿ ಇರಬೇಕು, ನುಡಿಸಲಿ ಬಿಡಲಿ. ನೀವೂ ಜಾತ್ರೆಗೆ ಬರ್ರಿ. ಎಲ್ಲಿ ಬೇಕಾದರೂ ಕೂಡ್ರಿ, ಆದರೆ ಮುಂದಿನ ಸಾಲಿನಲ್ಲಿ ಟವೆಲ್ ಹಾಕಿದ ಕುರ್ಚಿ ಮಾತ್ರ ಮುಟ್ಟಬೇಡ್ರಿ.