ಪೆನಾಲ್ಟಿಗೆ ನಿಂತ ಖಜಾಂಚಿ

ಬಡಾವಣೆಯ ಫುಟ್‌ಬಾಲ್ ಪಂದ್ಯಕ್ಕೆ ನನ್ನನ್ನು ರೆಫರಿ ಮಾಡಿದ್ದು ಸುಮ್ಮನೆ ಅಲ್ಲ. ನನ್ನ ಹೊಟ್ಟೆ ನೋಡಿ ಯಾವ ತಂಡವೂ ಸೇರಿಸಿಕೊಳ್ಳಲಿಲ್ಲ. ನಿಯಮವೆಲ್ಲ ಬಾಯಿಪಾಠ ಎಂದು ನಾನೇ ಸಾರಿಕೊಂಡು ತಿರುಗಿದ್ದೆ. ಸುಳ್ಳೇನಲ್ಲ. ಪೆನಾಲ್ಟಿಯ 14ನೇ ನಿಯಮವನ್ನಂತೂ ಮಗ್ಗಿಯ ಹಾಗೆ ಒಪ್ಪಿಸಬಲ್ಲೆ.

ಎ ಬ್ಲಾಕಿನ ಹುಡುಗ ಬಾಕ್ಸಿನೊಳಗೆ ಬಿದ್ದ. ಸೀಟಿ ಊದಿ, 11 ಮೀಟರಿನ ಗುರುತಿಗೆ ಗತ್ತಿನಿಂದ ಕೈ ತೋರಿಸಿದೆ. ನನ್ನ ಗತ್ತು ಅಲ್ಲಿಗೇ ಮುಗಿಯಿತು.

ಬಿ ಬ್ಲಾಕಿನ ಡಿಫೆಂಡರೊಬ್ಬ ಆ ಗುರುತಿನ ಮೇಲೆ ನಿಂತು, ಆಕಾಶ ನೋಡುತ್ತಾ, ಹಿಮ್ಮಡಿಯಲ್ಲಿ ಮಣ್ಣು ಕೆದರುತ್ತಿದ್ದ. ಚೆಂಡಿಡುವ ಜಾಗವನ್ನು ಗುಂಡಿ ಮಾಡುವುದು ಹಳೇ ಕಸುಬು. ಹಳದಿ ಕಾರ್ಡ್ ತೋರಿಸಿದೆ. "ಲೇಸ್ ಕಟ್ಕೋತಿದ್ದೆ ಅಂಕಲ್" ಅಂದ. ಕಾಲಲ್ಲಿದ್ದದ್ದು ಚಪ್ಪಲಿ.

ಗೋಲಿನಲ್ಲಿ ನಮ್ಮ ಸಂಘದ ಖಜಾಂಚಿಯವರು. ನನ್ನ ಮೇಂಟೆನೆನ್ಸ್ ಬಾಕಿ ಅವರ ಪುಸ್ತಕದಲ್ಲಿ ಭದ್ರವಾಗಿದೆ. ಅವರು ಮೇಲಿನ ಕಂಬಿಗೆ ಜೋತುಬಿದ್ದರು, ಬಲೆ ಅಲ್ಲಾಡಿಸಿದರು, ಆಮೇಲೆ ಒದೆಯುವ ಹುಡುಗನ ಹತ್ತಿರ ಹೋಗಿ, "ನಿಮ್ಮಪ್ಪ ಪಾರ್ಕಿಂಗ್ ದುಡ್ಡು ಯಾವಾಗ ಕಟ್ತಾರಂತೋ?" ಎಂದರು. ಹುಡುಗನ ಮುಖ ಬಿಳಿಚಿತು.

2022ರ ವಿಶ್ವಕಪ್ ಫೈನಲ್‌ನ ಶೂಟೌಟಿನಲ್ಲಿ ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್, ಫ್ರಾನ್ಸಿನ ಚುವಾಮೆನಿಗೆ ಚೆಂಡು ಕೊಡದೆ ದೂರ ಎಸೆದಿದ್ದ. ಆತ ಗೋಲಿನಿಂದಾಚೆ ಒದ್ದ. ಮರುವರ್ಷವೇ ನಿಯಮಕ್ಕೆ ಹೊಸ ಸಾಲು ಬಿತ್ತು: ಒದೆಯುವವನ ಗಮನ ಕೆಡಿಸುವ ಹಾಗೆ ಗೋಲ್‌ಕೀಪರ್ ತಡಮಾಡಬಾರದು, ಕಂಬ, ಬಲೆ ಮುಟ್ಟಬಾರದು. ಖಜಾಂಚಿಯವರು ಫೈನಲ್ ನೋಡಿದ್ದರು, ತಿದ್ದುಪಡಿ ಓದಿರಲಿಲ್ಲ. ಹಳದಿ ಕಾರ್ಡ್ ಎತ್ತುವಾಗ ನನ್ನ ಕೈ ನಡುಗಿದ್ದು ನಿಜ.

ಹುಡುಗ ಒದ್ದ. ಖಜಾಂಚಿಯವರು ಹಿಡಿದೇಬಿಟ್ಟರು, ಆದರೆ ಗೆರೆ ಬಿಟ್ಟು ಮಾರು ದೂರ ಬಂದು. ಒದೆಯುವ ಕ್ಷಣದಲ್ಲಿ ಒಂದು ಪಾದವಾದರೂ ಗೆರೆಯ ಮೇಲೋ ಹಿಂದೋ ಇರಬೇಕು. ಮೊದಲ ತಪ್ಪಿಗೆ ಎಚ್ಚರಿಕೆ, ಮತ್ತೆ ಒದೆತ. ಮತ್ತೆ ಹಿಡಿದರು, ಮತ್ತೆ ಮುಂದೆ ಬಂದಿದ್ದರು. ಈ ಸಲ ಕಾರ್ಡೇ. ಎರಡು ಹಳದಿ ಸೇರಿದರೆ ಕೆಂಪು.

"ರೀ, ಮಾರ್ಟಿನೆಜ್‌ಗೆ ಲಿಲ್ ಮ್ಯಾಚಲ್ಲಿ ಎರಡು ಹಳದಿ ಕೊಟ್ರೂ ಆಚೆ ಕಳಿಸ್ಲಿಲ್ಲ!" ಎಂದರು. ಇಷ್ಟು ತಿಳಿದವರೊಡನೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಬಿಡಿಸಿ ಹೇಳತೊಡಗಿದೆ: ಅದು 2024ರ ಏಪ್ರಿಲ್, ಒಂದು ಕಾರ್ಡು ಆಟದಲ್ಲಿ, ಇನ್ನೊಂದು ಶೂಟೌಟಿನಲ್ಲಿ, ಆಟದ ಎಚ್ಚರಿಕೆ ಶೂಟೌಟಿಗೆ ಲೆಕ್ಕವಿಲ್ಲ, ಇದಾದರೋ ಆಟದ ನಡುವಿನ ಪೆನಾಲ್ಟಿ. ನನ್ನ ಉಪನ್ಯಾಸ ಮುಗಿಯುವಷ್ಟರಲ್ಲಿ ಇಬ್ಬರು ಆಟಗಾರರು ಬಾಕ್ಸಿನಲ್ಲೇ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದರು. ಖಜಾಂಚಿಯವರು "ಬಾಕಿ ವಿಚಾರ ನಾಳೆ ಮಾತಾಡೋಣ" ಎಂದಷ್ಟೇ ಹೇಳಿ ಆಚೆ ನಡೆದರು.

ಗುಂಡಿ ತೋಡಿದ ಹುಡುಗನೇ ಗೋಲಿಗೆ ಬಂದ. ಎ ಬ್ಲಾಕಿನವನು ಓಡಿ ಬಂದು, ಚೆಂಡಿನ ಪಕ್ಕ ಗಕ್ಕನೆ ನಿಂತ. ಕೀಪರ್ ಎಡಕ್ಕೆ ಬಿದ್ದ. ಇವನು ಬಲಕ್ಕೆ ತಳ್ಳಿದ. ಗೋಲ್! ಎ ಬ್ಲಾಕಿನ ಬಾಲ್ಕನಿಗಳಲ್ಲಿ ತಟ್ಟೆ ಬಡಿದರು.

ಓಡುವಾಗ ತಡವರಿಸಬಹುದು. ಓಟ ಮುಗಿದ ಮೇಲೆ ನಿಂತು ಏಮಾರಿಸುವುದನ್ನು 2010ರಲ್ಲೇ ನಿಷೇಧಿಸಿದ್ದಾರೆ. ಗೋಲಿಲ್ಲ, ಒದ್ದವನಿಗೆ ಹಳದಿ, ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ಘೋಷಿಸಿ, ನಿಯಮದಂತೆ ತೋಳು ಮೇಲೆತ್ತಿ ನಿಂತೆ. ಎ ಬ್ಲಾಕಿನ ಕೀಪರೂ ಜಗಳಕ್ಕೆ ಬಂದಿದ್ದ. ಅವನ ಬೆನ್ನ ಹಿಂದೆ ಬಿ ಬ್ಲಾಕಿನ ಹುಡುಗ ಬೀಸಿ ಒದ್ದ ಚೆಂಡು, ಯಾರಿಗೂ ತಾಗದೆ ಆಚೆ ತುದಿಯ ಖಾಲಿ ಗೋಲಿನೊಳಗೆ ಉರುಳಿತು. ಇನ್‌ಡೈರೆಕ್ಟ್ ಕಿಕ್ ಇನ್ನೊಬ್ಬ ಆಟಗಾರನನ್ನು ಮುಟ್ಟದೆ ಹೋದರೆ ಗೋಲಲ್ಲ. ಅದನ್ನೂ ಹೇಳಿದೆ.

ಎರಡು ಬ್ಲಾಕಿನವರೂ ಒಂದೇ ತಂಡವಾಗಿ ನನ್ನ ಕಡೆ ಬಂದರು. ನನ್ನ ತೋಳು ಇನ್ನೂ ಮೇಲೇ ಇತ್ತು. ಶರಣಾದೆನೆಂದುಕೊಂಡರೋ ಏನೋ, ಸೀಟಿ ಮಾತ್ರ ಕಿತ್ತುಕೊಂಡರು.