ಜಾಡುದರ್ಶನ ಮೀಮಾಂಸೆ

ನಡೆದವನ ಹಾದಿಯನ್ನು ಮೊಬೈಲಿನ ಜಿಪಿಎಸ್‌ನಿಂದ ಹಿಡಿದಿಟ್ಟು, ನಕ್ಷೆಯ ಮೇಲೆ ಚಲಿಸುವ ವಿಡಿಯೊ ಮಾಡಿ, ಮನೆಬಿಟ್ಟು ಕದಲದವರಿಗೆ ವಾಟ್ಸಾಪಿನಲ್ಲಿ ರವಾನಿಸುವ ವಿದ್ಯೆಗೆ ಈ ಪ್ರಬಂಧದಲ್ಲಿ ಜಾಡುದರ್ಶನವೆಂದು ಹೆಸರಿಡಲಾಗಿದೆ. ಇದರ ಪ್ರಮಾಣಗ್ರಂಥ 2002ರಲ್ಲಿ ಬಳಕೆಗೆ ಬಂದ ಜಿಪಿಎಕ್ಸ್ ಕಡತ. ಅಕ್ಷಾಂಶ, ರೇಖಾಂಶ, ಎತ್ತರ, ವೇಳೆ ಇವುಗಳ ಸಾಲುಸಾಲು ಬಿಂದುಗಳನ್ನು ಅದು ನಿಷ್ಠೆಯಿಂದ ಹೇಳುತ್ತದೆಯಾದರೂ, ಆ ಬಿಸಿಲಿನಲ್ಲಿ ಅಲ್ಲಿಗೇಕೆ ಹೋದದ್ದೆಂಬ ಮುಖ್ಯ ಪ್ರಶ್ನೆಗೆ ಮೌನ ತಾಳುತ್ತದೆ.

ಗಜೇಂದ್ರಗಡದ ಪೇಟೆಯಿಂದ ಹೊರಟು ಗುಡ್ಡದ ಗುಡಿಯಲ್ಲಿ ಕಾಲಕಾಲೇಶ್ವರನ ದರ್ಶನ ಪಡೆದು ಮರಳಿದ ಎರಡು ತಾಸಿನ ಜಾಡನ್ನು ಅರ್ಧ ನಿಮಿಷಕ್ಕೆ ಇಳಿಸಿದರೆ ಕಾಲವು 240 ಪಟ್ಟು ಕುಗ್ಗುತ್ತದೆ. ಸೆಕೆಂಡಿಗೆ 30 ಚಿತ್ರಗಳಂತೆ ಎಣಿಸಿದಾಗ ಒಂದು ಚಿತ್ರದಿಂದ ಮುಂದಿನದಕ್ಕೆ 8 ಸೆಕೆಂಡು ಜಾರಿಹೋಗಿರುವುದರಿಂದ, ಮೆಟ್ಟಿಲ ಮೇಲಿನ ಏದುಸಿರಾಗಲಿ, ಮಂಗ ಕಸಿದೊಯ್ದ ಬಾಳೆಹಣ್ಣಾಗಲಿ ದಾಖಲೆಗೆ ಸಿಗುವುದಿಲ್ಲ. ಬಿಂದುಗಳ ನಡುವಿನ ತೆರಪನ್ನು ತಂತ್ರಾಂಶವು ಲೆಕ್ಕದ ಊಹೆಯಿಂದ ತುಂಬುತ್ತದೆ. ಇದಕ್ಕೆ ಅಂತರ್ಗಣನೆಯೆಂದು ಹೆಸರು. ಪುರಾಣ ಹೇಳುವವರಿಗೆ ಈ ಕಲೆ ಮೊದಲಿನಿಂದಲೂ ಗೊತ್ತು. ಕಡಿದಾದ ಬಂಡೆಯ ಪಕ್ಕದಲ್ಲಿ ಉಪಗ್ರಹದ ಸಂಕೇತ ಕಲ್ಲಿಗೆ ಬಡಿದು ತಡವಾಗಿ ಮೊಬೈಲು ಮುಟ್ಟುವುದರಿಂದ, ಮೆಟ್ಟಿಲು ಹತ್ತಿದ ಭಕ್ತನು ವಿಡಿಯೊದಲ್ಲಿ ಬಂಡೆಯನ್ನೇ ಭೇದಿಸಿ ಹೊರಬರುವುದುಂಟು. ಇದನ್ನು ಪವಾಡವೆಂದು ಸಾರುವ ಮುನ್ನ ವಿದ್ವಾಂಸರು ತಾಳ್ಮೆ ವಹಿಸುವುದು ಲೇಸು.

ಆದರೆ ಶಾಸ್ತ್ರದ ನಿಜವಾದ ತೊಡಕಿರುವುದು ಮಿರ್ಚಿ ಅಂಗಡಿಯಲ್ಲಿ. ತಗಡಿನ ಮಾಡಿನ ಕೆಳಗೆ ಮನುಷ್ಯನು ಬೆಂಚಿನ ಮೇಲೆ ಅಲುಗಾಡದೆ ಕುಳಿತು ಗಿರಮಿಟ್ ಮೆಲ್ಲುತ್ತಿರುವಾಗಲೂ, ಸಂಕೇತ ಸರಿಯಾಗಿ ಸಿಗದ ಮೊಬೈಲು ಅವನನ್ನು ಕ್ಷಣಕ್ಕೊಮ್ಮೆ ಕೆಲವು ಮೀಟರ್ ಆಚೀಚೆ ಸರಿಸುತ್ತಲೇ ಇರುವುದರಿಂದ, ನಕ್ಷೆಯಲ್ಲಿ ಗೆರೆಯು ಮಗ್ಗದ ಮನೆಯ ಸಿಕ್ಕುಬಿದ್ದ ನೂಲಿನಂತೆ ಕಾಣುತ್ತದೆ. ಇದು ಯಂತ್ರದೋಷವೆಂಬುದು ಪೂರ್ವಪಕ್ಷ. ದೇಹ ಬೆಂಚಿನ ಮೇಲಿದ್ದರೂ ಜೀವವು ಬಾಣಲೆಯ ಸುತ್ತ ಸುಳಿಯುತ್ತಿತ್ತೆಂಬುದು ಉತ್ತರಪಕ್ಷ. ಈ ಸುಳಿದಾಟದ ಮೀಟರುಗಳೆಲ್ಲ ಒಟ್ಟು ದೂರಕ್ಕೆ ಜಮೆಯಾಗುವ ಕಾರಣ, ಹೆಚ್ಚು ಹೊತ್ತು ಕುಳಿತವನೇ ಹೆಚ್ಚು ನಡೆದವನೆಂಬ ಸಿದ್ಧಾಂತವು ತಾನಾಗಿ ಸ್ಥಾಪಿತವಾಗುತ್ತದೆ. ಹತ್ತು ನಿಮಿಷದ ಆ ಮಿರ್ಚಿಯೋಗವು ವಿಡಿಯೊದಲ್ಲಿ ಎರಡೂವರೆ ಸೆಕೆಂಡಿನಲ್ಲಿ ಮುಗಿದುಹೋಗುವುದು ಮಾತ್ರ ಅನ್ಯಾಯವೇ ಸರಿ.

1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ನಡುವೆ ಇದೇ ಗಜೇಂದ್ರಗಡದ ಹೆಸರಿನ ಒಪ್ಪಂದವಾಗಿ ಬಾದಾಮಿ ಮರಾಠರ ಪಾಲಾದಾಗ, ಸೇನೆಗಳ ಓಡಾಟದ ವಿಡಿಯೊವನ್ನು ಯಾರೂ ಯಾರಿಗೂ ಕಳುಹಿಸಲಿಲ್ಲ. ಆದರೂ ವ್ಯವಹಾರ ಮುಗಿಯಿತು. ಈಗಿನ ಸಾಧಕರಲ್ಲಿ ವಿನಂತಿಯಿಷ್ಟೆ: ಅಂಗಡಿಯ ಬೆಂಚಿನ ಮೇಲೆ ಕೂರುವ ಮುನ್ನ ರೆಕಾರ್ಡಿಂಗ್ ನಿಲ್ಲಿಸಬೇಕು, ಕೈ ತೊಳೆದ ಮೇಲೆ ಮತ್ತೆ ಒತ್ತಲು ಮರೆಯಬಾರದು.