ಕೊಂಡೋಜ ಸಿದ್ಧಾಂತ: ರಾಷ್ಟ್ರೀಯ ತೆರಿಗೆ ಸರಳೀಕರಣದ ಭವಿಷ್ಯ ಕುರಿತು ಒಂದು ಶಾಸನಾಧಾರಿತ ಸಂಶೋಧನೆ

ಭಾರತದ ತೆರಿಗೆ ಎಂದಾದರೂ ಸರಳವಾದೀತೇ ಎಂದು ಅರ್ಥಶಾಸ್ತ್ರಜ್ಞರನ್ನು ಕೇಳಿದ್ದಾಯಿತು, ಆಡಿಟರುಗಳನ್ನು ಕೇಳಿದ್ದಾಯಿತು. ಶಾಸನ ಓದುವವರನ್ನು ಮಾತ್ರ ಯಾರೂ ಕೇಳಲಿಲ್ಲ. ಈ ಮಹಾಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಹೊರತಂದರು. ಹೊಯ್ಸಳರ ಹಾಗೂ ಅವರ ನಂತರದವರ ಕಲ್ಲುಗಳಲ್ಲಿ ಸಿದ್ಧಾಯ, ಹೆಜ್ಜುಂಕ, ಗಾಣದೆರೆ, ಮಗ್ಗದೆರೆ, ಮದುವೆಸುಂಕ ಎಂದು ತೆರಿಗೆಗಳ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಎಣ್ಣೆ ಹಿಂಡಿದರೂ ತೆರಿಗೆ, ಮಗಳ ಮದುವೆ ಮಾಡಿದರೂ ತೆರಿಗೆ. ಆದರೆ ಆ ಹೆಸರುಗಳು ಹೆಚ್ಚಾಗಿ ಕಲ್ಲಿಗೇರಿದ್ದು ಯಾವಾಗ? ತೆರಿಗೆಯನ್ನು ದೇವಸ್ಥಾನಕ್ಕೆ ಬಿಟ್ಟುಕೊಟ್ಟಾಗ, ಅಗ್ರಹಾರಕ್ಕೆ ಸರ್ವಮಾನ್ಯ ಮಾಡಿದಾಗ, ಯಾರಿಗೋ ಮಾಫಿ ಆದಾಗ. ದರವನ್ನು ಸರಳಗೊಳಿಸಿದ ದೊರೆಗೆ ಕಲ್ಲು ನೆಟ್ಟು ಕೈಮುಗಿದ ಊರು ಯಾವುದಿದೆ? ವಿನಾಯಿತಿಗೆ ಫಲಾನುಭವಿ ಇರುತ್ತಾನೆ, ಅವನಿಗೊಂದು ಹೆಸರಿರುತ್ತದೆ, ಕೃತಜ್ಞತೆ ಇರುತ್ತದೆ, ಈಗಿನ ಕಾಲದಲ್ಲಿ ಓಟೂ ಇರುತ್ತದೆ. ಸರಳತೆಗೆ ಇದಾವುದೂ ಇಲ್ಲ. ಆದ್ದರಿಂದ ಈ ದೇಶದಲ್ಲಿ ಪ್ರತಿ ಸರಳೀಕರಣವೂ ಹೊಸ ವಿನಾಯಿತಿಗೆ ಬಸಿರಾಗಿಯೇ ಹುಟ್ಟುತ್ತದೆ ಎಂಬುದು ನಮ್ಮ ವಾದ.

ವಾದಕ್ಕೆ ಬಲವಾದ ಸಾಕ್ಷಿ ಕೊಂಡೋಜ. ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿತ್ತು. ರಾಮರಾಯನ ಗಡ್ಡ ಕೊಂಡೋಜನ ಕೈಯಲ್ಲಿತ್ತು. ಈ ಕ್ಷೌರಿಕನ ಕೆಲಸಕ್ಕೆ ಮೆಚ್ಚಿ ರಾಮರಾಯ ಕ್ಷೌರಿಕರ ಮೇಲಿನ ತೆರಿಗೆಯನ್ನೇ ಬಿಡಿಸಿದ. ಬಾದಾಮಿಯ ಶಾಸನ ಇದಕ್ಕೆ ಸಾಕ್ಷಿ. ಮೆಚ್ಚಿಗೆಯೇ ಕಾರಣ ಎಂದು ಇತಿಹಾಸಕಾರರು ನಂಬಿದ್ದಾರೆ. ನಾವಾದರೋ ಕತ್ತಿ ಆಗ ಎಲ್ಲಿತ್ತು ಎಂಬ ಭೌತಿಕ ಸಂಗತಿಯನ್ನೂ ಪರಿಗಣಿಸಿ, ಕೆಳಗಿನ ಸೂತ್ರವನ್ನು ವಿದ್ವತ್ ಲೋಕದ ಮುಂದಿಡುತ್ತೇವೆ: ತೆರಿಗೆ ವಿನಾಯಿತಿಯ ಪ್ರಮಾಣವು ಅರ್ಜಿದಾರನ ಕತ್ತಿಗೂ ಆಳುವವನ ಗಂಟಲಿಗೂ ನಡುವಿನ ಅಂತರದ ವಿಲೋಮಾನುಪಾತದಲ್ಲಿರುತ್ತದೆ. ಹೊಳೆನರಸೀಪುರ ತಾಲೂಕಿನ ಹಳೇಕೋಟೆ ಹೋಬಳಿಯ ರೈತನಿಂದ ದೆಹಲಿಯ ಗಂಟಲು ಬಹಳ ದೂರ. ಆದರೆ ಐದು ವರ್ಷಕ್ಕೊಮ್ಮೆ ಅದು ತಾನಾಗಿಯೇ ಅವನ ಬಾಗಿಲಿಗೆ ಬಂದು ನಿಲ್ಲುತ್ತದೆ. ಕೃಷಿ ಆದಾಯಕ್ಕೆ ಇಂದಿಗೂ ಕೇಂದ್ರದ ತೆರಿಗೆ ಇಲ್ಲದಿರುವುದನ್ನು ಈ ಸೂತ್ರ ಚೆನ್ನಾಗಿ ವಿವರಿಸುತ್ತದೆ.

ಮೊದಲ ಆಕ್ಷೇಪ ಹೊಳೆನರಸೀಪುರದ ಕಡೆಯಿಂದಲೇ ಬರಬಹುದು. ಆ ತಾಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗಲೇ, 1997ರ ಫೆಬ್ರವರಿ 28ರಂದು, ಹಣಕಾಸು ಮಂತ್ರಿ ಪಿ. ಚಿದಂಬರಂ ಆದಾಯ ತೆರಿಗೆಯನ್ನು 10, 20, 30 ಎಂದು ಮೂರೇ ದರಕ್ಕೆ ತಂದಿಟ್ಟರಲ್ಲ? ಹೌದು, ತಂದಿಟ್ಟರು. 1973–74ರಲ್ಲಿ ಹನ್ನೊಂದು ಮೆಟ್ಟಿಲು ಹತ್ತಿ ಶೇ. 97.75ಕ್ಕೆ ಮುಟ್ಟಿದ್ದ ತೆರಿಗೆಯನ್ನು ಕಂಡವರಿಗೆ ಅದು ಕನಸೇ ಅನ್ನಿಸಿತು. ‘ಕನಸಿನ ಬಜೆಟ್’ ಎಂದೇ ಹೆಸರಾಯಿತು. ಮಾರ್ಚ್ 30ರಂದು ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು, ಏಪ್ರಿಲ್ 11ರಂದು ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ತರ್ಕಶಾಸ್ತ್ರ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ನಾವೂ ಓದಿದ್ದೇವೆ. ಇಷ್ಟಂತೂ ನಿಜ: ಬಜೆಟ್ ಉಳಿಯಿತು, ಪ್ರಧಾನಿ ಉಳಿಯಲಿಲ್ಲ. ಅದೇ ಬಜೆಟ್ಟಿನಲ್ಲಿ, ಕಪ್ಪುಹಣ ಇಟ್ಟವರು ತಾವಾಗಿ ಘೋಷಿಸಿಕೊಂಡರೆ ಶೇ. 30 ಕಟ್ಟಿ ಪಾರಾಗಬಹುದೆಂಬ ಯೋಜನೆಯೂ ಇತ್ತೆಂಬುದನ್ನು ಮರೆಯಬಾರದು. ಕೊಂಡೋಜ ಅಲ್ಲಿಗೂ ತನ್ನ ಪೆಟ್ಟಿಗೆ ಹಿಡಿದು ಬಂದಿದ್ದ. ಮುಂದೆ ಮೂರು ದರಗಳ ನೆತ್ತಿಯ ಮೇಲೆ ಸರ್‌ಚಾರ್ಜು ಕೂತಿತು, 2004ರಲ್ಲಿ ಶೇ. 2ರ ಶಿಕ್ಷಣ ಸೆಸ್ ಬಂತು, ಈಗ ಅದು ಆರೋಗ್ಯವನ್ನೂ ಜೊತೆಗೆ ಸೇರಿಸಿಕೊಂಡು 4 ಆಗಿದೆ.

ಎರಡನೆಯ ಆಕ್ಷೇಪ ಜಿಎಸ್‌ಟಿ. ‘ಒಂದು ದೇಶ, ಒಂದು ತೆರಿಗೆ’ ಎಂದು 2017ರ ಜುಲೈ 1ರ ನಡುರಾತ್ರಿ ಬಂದದ್ದು 5, 12, 18, 28 ಎಂಬ ನಾಲ್ಕು ತಲೆಗಳೊಡನೆ, ಚಿನ್ನದ ಶೇ. 3 ಮತ್ತು ಕಚ್ಚಾ ವಜ್ರದ ಕಾಲು ಶೇಕಡಾ ಬೇರೆ. ಇದರ ತತ್ತ್ವವನ್ನು ಚನ್ನರಾಯಪಟ್ಟಣದ ಒಂದು ತೆಂಗಿನಕಾಯಿಯಿಂದಲೇ ತಿಳಿಯಬಹುದು. ಕಾಯಿಯಾಗಿರುವಷ್ಟು ಕಾಲ ಅದಕ್ಕೆ ತೆರಿಗೆ ಇಲ್ಲ. ಅಟ್ಟದ ಮೇಲೆ ಒಣಗಿ ಕೊಬ್ಬರಿಯಾದರೆ ಶೇ. 5. ಗಾಣಕ್ಕೆ ಹೋಗಿ ಎಣ್ಣೆಯಾಗಿ ಒಗ್ಗರಣೆಗೆ ಬಿದ್ದರೆ ಮತ್ತೆ 5, ಅದೇ ಎಣ್ಣೆ ತಲೆಗೆ ಏರಿದರೆ 2025ರವರೆಗೆ 18 ಇತ್ತು. ಹಾಗಾದರೆ ಸಣ್ಣ ಶೀಷೆಯಲ್ಲಿ ಮಾರುವ ಕೊಬ್ಬರಿ ಎಣ್ಣೆ ಬಾಣಲೆಯದೋ ಬೈತಲೆಯದೋ? ಎಕ್ಸೈಸ್ ಕಾಲದಲ್ಲೇ ಶುರುವಾದ ಈ ವ್ಯಾಜ್ಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೇ ಒಮ್ಮತ ಆಗಲಿಲ್ಲ. 2024ರ ಡಿಸೆಂಬರ್ 18ರಂದು ಮೂವರ ಪೀಠ ಅದು ಅಡುಗೆ ಎಣ್ಣೆಯೇ ಎಂದು ತೀರ್ಪು ಕೊಟ್ಟಿತು. ಒಂಬತ್ತು ತಿಂಗಳಲ್ಲಿ, 2025ರ ಸೆಪ್ಟೆಂಬರ್ 22ರಿಂದ, ತಲೆಯೆಣ್ಣೆಗೂ ಶೇ. 5 ಆಗಿ ಅಷ್ಟು ವರ್ಷದ ಪಾಂಡಿತ್ಯವೆಲ್ಲ ನೀರಿನಲ್ಲಿ ಹೋಮವಾಯಿತು. ಅಂದಿನಿಂದ ದರಗಳು ಎರಡೇ ಎನ್ನುತ್ತಾರೆ: 5 ಮತ್ತು 18. ತಂಪು ಪಾನೀಯದ 40, ಚಿನ್ನದ 3, ವಜ್ರದ ಕಾಲು, ಸೊನ್ನೆ, ಇವು ಆ ಎರಡರಲ್ಲಿ ಹೇಗೆ ಅಡಕವಾಗಿವೆ ಎಂಬುದು ಅದ್ವೈತಿಗಳು ಬಿಡಿಸಬೇಕಾದ ಪ್ರಶ್ನೆ.

ಆದಾಯ ತೆರಿಗೆ ಕಾಯ್ದೆಯನ್ನೇ ಹೊಸದಾಗಿ ಬರೆದಿಲ್ಲವೇ ಎಂದು ಮೂರನೆಯವರು ಕೇಳಿಯಾರು. ಬರೆದಿದ್ದಾರೆ. 1961ರ ಕಾಯ್ದೆಯಲ್ಲಿ 819 ಕಲಮುಗಳಿದ್ದವು, 2025ರ ಕಾಯ್ದೆಯಲ್ಲಿ 536. ಶೆಡ್ಯೂಲುಗಳು ಮಾತ್ರ 14ರಿಂದ 16ಕ್ಕೆ ಏರಿವೆ. ಕಲಮಿನಿಂದ ಎಬ್ಬಿಸಿದ ವಿನಾಯಿತಿಗಳನ್ನು ಎಲ್ಲಾದರೂ ಕೂರಿಸಬೇಕಲ್ಲ. 2020ರಲ್ಲಿ ಬಹುತೇಕ ವಿನಾಯಿತಿಗಳಿಲ್ಲದ ಹೊಸ ಪದ್ಧತಿ ತಂದಾಗಲೂ ಹಳೆಯದನ್ನು ತೆಗೆಯುವ ಧೈರ್ಯ ಬರಲಿಲ್ಲ. ಹಾಗಾಗಿ ಒಂದು ಕ್ಲಿಷ್ಟ ತೆರಿಗೆ ಇದ್ದಲ್ಲಿ ಎರಡಾದವು. ಯಾವುದು ಸರಳ ಎಂದು ತಿಳಿಯಲು ಸಂಬಳದಾರ ಎರಡನ್ನೂ ಲೆಕ್ಕ ಹಾಕುತ್ತಾನೆ.

ಕಂಪ್ಯೂಟರ್ ಎಲ್ಲವನ್ನೂ ನೇರಗೊಳಿಸುತ್ತದೆ ಎಂಬ ಆಸೆಗೆ 2025ರ ಜುಲೈಯೇ ಉತ್ತರ. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಮಾಯವಾಗಿ ‘ನಗದು ಮಾತ್ರ’ ಎಂಬ ಬೋರ್ಡು ಬಂತು. ಸುಂಕದವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲವೆಂದು ಅರಿತ ವ್ಯಾಪಾರಿಗಳು ನೇರ ಮುಖ್ಯಮಂತ್ರಿಗೆ ಹೇಳಿದರು. ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಬಿಡುತ್ತೇವೆಂಬ ಮಾತು ಸಿಕ್ಕಿತು. ಕಲ್ಲು ಕೆತ್ತಿಸುವುದಷ್ಟೇ ಬಾಕಿ.

ಆದ್ದರಿಂದ ಸಮೀಪ ಭವಿಷ್ಯದಲ್ಲಿ ಸರಳೀಕರಣ ಪದೇ ಪದೇ ಆಗುತ್ತದೆ, ಸರಳತೆ ಬರುವುದಿಲ್ಲ. ಅಲ್ಲಿಯವರೆಗೆ ಓದುಗರಿಗೆ ಈ ಸಂಶೋಧನೆಯಿಂದ ಒಂದಾದರೂ ಲಾಭವಾಗಲಿ: ಪ್ಯಾಕ್ ಮಾಡಿದ ಅಕ್ಕಿ 25 ಕೆ.ಜಿ.ವರೆಗೆ ಇದ್ದರೆ ಶೇ. 5 ಜಿಎಸ್‌ಟಿ, ಅದಕ್ಕಿಂತ ಹೆಚ್ಚಾದರೆ ಇಲ್ಲ. ಅಂಗಡಿಯಲ್ಲಿ 26 ಕೆ.ಜಿ. ಮೂಟೆ ಕೇಳಿ, ಕೊಡುತ್ತಾರೆ.